ಟಿಟಿ ಈಗಲೇ ಮಾರಬೇಡಿ

ಬುಕಿಂಗ್ ಎಲ್ಲ ಕ್ಯಾನ್ಸಲ್ ಆಗ್ತಿದೆ, ಟೆಂಪೋ ಟ್ರಾವೆಲರ್ (ಟಿಟಿ) ಮಾರಿ ಟೂರ್ ವ್ಯವಹಾರ ಮುಚ್ಚಿಬಿಡಲಾ ಅಂತ ಕೇಳಿದ್ದೀರಿ. ಈ ಗಾಬರಿಯಲ್ಲಿ ತೀರ್ಮಾನ ಮಾಡಬೇಡಿ ಮೇಡಂ. 2020ರ ಮಾರ್ಚ್‌ನಲ್ಲಿ ನಾನೂ ಇದೇ ಸ್ಥಿತಿಯಲ್ಲಿದ್ದೆ. ಕಾಶಿ ಯಾತ್ರೆಗೆ ಅಡ್ವಾನ್ಸ್ ಕೊಟ್ಟವರ ನೋಟ್‌ಬುಕ್ ಮುಂದಿಟ್ಟುಕೊಂಡು, ಮೂರು ದಿನ ಒಬ್ಬೊಬ್ಬರಿಗೂ ನಾನೇ ಫೋನ್ ಮಾಡಿದೆ. ದುಡ್ಡು ವಾಪಸ್ ಕೊಡಲಾ, ಮುಂದಿನ ಟ್ರಿಪ್‌ಗೆ ಇಟ್ಟುಕೊಳ್ಳಲಾ ಅಂತಷ್ಟೇ ಕೇಳಿದ್ದು. "ಇಟ್ಕೊಳ್ಳಮ್ಮ, ಕಾಶಿ ಎಲ್ಲೂ ಹೋಗಲ್ಲ" ಅಂದರು ಒಬ್ಬ ಅಜ್ಜಿ. ಅರ್ಧಕ್ಕಿಂತ ಹೆಚ್ಚು ಜನ ಹಾಗೇ ಹೇಳಿದರು. ಉಳಿದವರಿಗೆ ಕಂತಿನಲ್ಲಿ ತೀರಿಸಿದೆ.

ಗಾಡಿ ಸದ್ಯಕ್ಕೆ ಓಡಲ್ಲ ಅಂತಾದರೆ ಆರ್‌ಟಿಒಗೆ ಮುಂಚಿತವಾಗಿ ತಿಳಿಸಿ, ದಾಖಲೆ ಒಪ್ಪಿಸಿ. ಆ ಅವಧಿಯ ತೆರಿಗೆ ದುಡ್ಡು ಉಳಿಯುತ್ತೆ. ಇಎಂಐ ತಪ್ಪುವ ಮೊದಲೇ ಬ್ಯಾಂಕ್ ಮ್ಯಾನೇಜರನ್ನ ನೋಡಿ, ತಪ್ಪಿದ ಮೇಲೆ ಮಾತಿನ ಧಾಟಿಯೇ ಬೇರೆ ಇರುತ್ತೆ. ಕೈಸಾಲ ಮಾತ್ರ ಬೇಡವೇ ಬೇಡ. ಸಣ್ಣ ಉದ್ಯಮಗಳಿಗೆ ಸರ್ಕಾರದ 'ಉದ್ಯಮ್' ನೋಂದಣಿ ಉಚಿತ, ಅದನ್ನು ಮಾಡಿಸಿ. ಕೇಂದ್ರ ಸರ್ಕಾರದ ಮುದ್ರಾ ಸಾಲ ಯೋಜನೆಯ ಕಿಶೋರ್ ವಿಭಾಗದಲ್ಲಿ 5 ಲಕ್ಷದವರೆಗೆ ಅಡಮಾನವಿಲ್ಲದೆ ಸಾಲಕ್ಕೆ ಅರ್ಜಿ ಹಾಕಬಹುದು.

ನನ್ನನ್ನು ನಿಜವಾಗಿ ಉಳಿಸಿದ್ದು ಕಾಲ್ನಡಿಗೆ. ಲಾಕ್‌ಡೌನ್ ಸಡಿಲವಾದ ಮೇಲೆ ಭಾನುವಾರ ಬೆಳಿಗ್ಗೆ ಎಂಟೇ ಜನರನ್ನು ಲಾಲ್‌ಬಾಗ್ ಬಂಡೆ ಹತ್ತಿಸಿ, ಈ ಕಲ್ಲಿಗೆ ಸುಮಾರು 300 ಕೋಟಿ ವರ್ಷ ಅಂತ ಹೇಳಿ, ಕೆಂಪೇಗೌಡರ ಗಡಿಗೋಪುರ ತೋರಿಸಿ, ಗಾಂಧಿ ಬಜಾರ್ ಹೂವಿನಂಗಡಿ ಸಾಲಿಗೆ ಕರ್ಕೊಂಡು ಬರ್ತಿದ್ದೆ. ಡೀಸೆಲ್ ಇಲ್ಲ, ಡ್ರೈವರ್ ಬಾಟಾ ಇಲ್ಲ. ಬಂದವರೇ ಆಮೇಲೆ ಹಂಪಿಗೂ ಬುಕ್ ಮಾಡಿದರು. ನಿಮ್ಮ ಏರಿಯಾ ಯಾವುದು ಹೇಳಿ, ಅಲ್ಲಿಂದ ಒಂದು ನಡಿಗೆ ದಾರಿ ಕೂತು ಹಾಕೋಣ.