ಹ್ಯಾಚ್ ಮುಚ್ಚಿದರೆ ಹಡಗಿಗೆ ಬಲ ಬರುತ್ತಾ?

ಪ್ರಶ್ನೆ: ಕಂಟೇನರ್ ಹಡಗಿನ ಡೆಕ್ ಮೇಲೆ ಎಲ್ಲಿ ನೋಡಿದರೂ ಹ್ಯಾಚ್‌ಗಳೇ, ಅಂದರೆ ಸರಕು ಒಳಗಿಳಿಸುವ ಬಾಯಿಗಳೇ. ಇಷ್ಟು ದೊಡ್ಡ ಬಾಯಿ ತೆರೆದರೆ ಹಡಗಿನ ಬಲ ಕಡಿಮೆ ಆಗಲ್ವಾ? ಉಕ್ಕಿನ ಮುಚ್ಚಳ ಕೂರಿಸಿದ ಮೇಲೆ ಸರಿಹೋಗುತ್ತಾ?

ಉತ್ತರ: ಮುಚ್ಚಳವನ್ನು ನಂಬಬೇಡಿ. ಅದು ನೀರು ತಡೆಯುತ್ತದೆ, ಮೇಲೆ ಪೇರಿಸಿದ ಕಂಟೇನರ್‌ಗಳ ಭಾರ ಹೊರುತ್ತದೆ, ಅಷ್ಟೇ. ಅದನ್ನು ಡೆಕ್‌ಗೆ ಬೆಸೆದಿರುವುದಿಲ್ಲ. ಪ್ಯಾಡ್‌ಗಳ ಮೇಲೆ ಕೂತಿರುತ್ತದೆ, ಹಡಗು ಬಾಗಿದಾಗ ಸ್ವಲ್ಪ ಜಾರುತ್ತದೆ. ಜಾರಲಿ ಅಂತಲೇ ಹಾಗೆ ಮಾಡಿರುತ್ತಾರೆ. ಒಡಲಿನ ಬಲದ ಲೆಕ್ಕದಲ್ಲಿ ಅದಕ್ಕೆ ಜಾಗವೇ ಇಲ್ಲ.

ಬಾಗುವುದನ್ನು ಹೇಗೋ ಸಂಭಾಳಿಸಬಹುದು. ಅಲೆಯ ದಿಬ್ಬ ಹಡಗಿನ ನಡುವೆ ಬಂದಾಗ ಎರಡೂ ತುದಿ ಜಗ್ಗುತ್ತವೆ, ಡೆಕ್ ಎಳೆತಕ್ಕೆ ಸಿಗುತ್ತದೆ. ಹ್ಯಾಚ್‌ಗೆ ಹೋದ ಉಕ್ಕನ್ನು ಅಕ್ಕಪಕ್ಕದ ಕಿರಿದಾದ ಪಟ್ಟಿಗಳಲ್ಲೇ ತುಂಬಿಕೊಡಬೇಕು. ಹಾಗಾಗಿ ಭಾರಿ ಕಂಟೇನರ್ ಹಡಗುಗಳಲ್ಲಿ ಅಲ್ಲಿನ ಪ್ಲೇಟ್ 80 ಮಿಲಿಮೀಟರ್ ದಪ್ಪ ಇದ್ದರೂ ಆಶ್ಚರ್ಯವಿಲ್ಲ.

ನಿಜವಾದ ತಲೆನೋವು ತಿರುಚುವಿಕೆ. ಮುಚ್ಚಳ ತೆಗೆದ ಶೂ ಡಬ್ಬಿಯ ಎರಡು ತುದಿ ಹಿಡಿದು ತಿರುಚಿ ನೋಡಿ, ಅರ್ಥವಾಗುತ್ತದೆ. ತೆಳುವಾದ ಕೊಳವೆಯೊಂದರ ತ್ರಿಜ್ಯ ಅದರ ದಪ್ಪದ 10 ಪಟ್ಟು ಇದೆ ಎಂದುಕೊಳ್ಳಿ. ಉದ್ದಕ್ಕೂ ಒಂದೇ ಒಂದು ಸೀಳು ಹಾಕಿದರೆ, ತಿರುಚನ್ನು ತಡೆಯುವ ಬಿಗಿತ ಸುಮಾರು 300 ಪಟ್ಟು ಕುಸಿಯುತ್ತದೆ! ಹಡಗಿನ ಗತಿ ಇಷ್ಟು ಕೆಟ್ಟದ್ದಲ್ಲ. ಒಂದೊಂದು ಪಕ್ಕದಲ್ಲೂ ಜೋಡಿ ಗೋಡೆ, ಅವುಗಳ ಮೇಲ್ತುದಿಯಲ್ಲಿ ದಪ್ಪ ಪ್ಲೇಟಿನ ಮುಚ್ಚಿದ ಪೆಟ್ಟಿಗೆ, ನಡುನಡುವೆ ಅಡ್ಡಗೋಡೆ ಇರುತ್ತವೆ. ಆದರೂ ಅಲೆ ಓರೆಯಾಗಿ ಬಂದರೆ ಒಡಲು ತಿರುಚುತ್ತದೆ. ಆಗ ಆಯತಾಕಾರದ ಹ್ಯಾಚ್ ಸೊಟ್ಟಗಾಗಿ, ಒಂದು ಕರ್ಣ ಉದ್ದವಾಗುತ್ತದೆ, ಇನ್ನೊಂದು ಗಿಡ್ಡವಾಗುತ್ತದೆ. ಪೆಟ್ಟು ಬೀಳುವುದು ಮೂಲೆಗಳಿಗೆ.

ಎಳೆತದಲ್ಲಿರುವ ಅಗಲವಾದ ಪ್ಲೇಟಿನಲ್ಲಿ ದುಂಡನೆಯ ಚಿಕ್ಕ ತೂತು ಇದ್ದರೂ ಅದರ ಅಂಚಿನಲ್ಲಿ ಒತ್ತಡ ಮೂರು ಪಟ್ಟು ಏರುತ್ತದೆ. ಚೂಪು ಮೂಲೆಯಾದರೆ ಇನ್ನೂ ಜಾಸ್ತಿ. ಎರಡನೇ ಮಹಾಯುದ್ಧದಲ್ಲಿ ಅಮೆರಿಕ ಕಟ್ಟಿದ ಲಿಬರ್ಟಿ ಹಡಗುಗಳಲ್ಲಿ ಎಷ್ಟೋ ಬಿರುಕುಗಳು ಹ್ಯಾಚ್‌ನ ಚೌಕ ಮೂಲೆಯಲ್ಲೇ ಶುರುವಾದವು. ಚಳಿಗೆ ಪೆಡಸಾಗುವ ಉಕ್ಕು, ಮೇಲಾಗಿ ಬೆಸುಗೆಯ ಒಡಲು. ಬಿರುಕು ತಡೆಯಿಲ್ಲದೆ ಓಡಿತು. ಆಮೇಲೆ ಮೂಲೆಗಳನ್ನು ದುಂಡಗೆ ಮಾಡಿದರು, ಬಿರುಕು ನಿಲ್ಲಿಸಲು ರಿವೆಟ್ ಹೊಡೆದ ಪಟ್ಟಿ ಸೇರಿಸಿದರು.

ಈಗಿನ ಹಡಗುಗಳಲ್ಲಿ ಮೂಲೆಯನ್ನು ಸುಮ್ನೆ ದುಂಡಗೆ ಮಾಡಿ ಬಿಡುವುದಿಲ್ಲ. ಹಲವು ಕಡೆ ಅಂಡಾಕಾರದ ತಿರುವು ಕೊಟ್ಟು, ಅದರ ಉದ್ದನೆಯ ಭಾಗವನ್ನು ಹಡಗಿನ ಉದ್ದಕ್ಕೆ ಇಡುತ್ತಾರೆ. ಆ ಜಾಗಕ್ಕೆ ದಪ್ಪ ಪ್ಲೇಟ್ ಹಾಕಿ, ಕತ್ತರಿಸಿದ ಅಂಚನ್ನು ಉಜ್ಜಿ ನುಣುಪು ಮಾಡುತ್ತಾರೆ. ಪೈಪಿಗೆ ಅಂತ ಅಲ್ಲೊಂದು ತೂತು ಕೊರೆಯುತ್ತೇನೆ ಅಂದರೆ ಹಡಗನ್ನು ತಪಾಸಣೆ ಮಾಡುವ ಸರ್ವೇಯರ್ ಸುಲಭಕ್ಕೆ ಒಪ್ಪುವುದಿಲ್ಲ.