ಕಂಡಕ್ಟರಮ್ಮನ ಕಥೆ ಬರೆಯಿರಿ

ಹಾಸನದಿಂದ ಒಂದು ಪತ್ರ ಬಂದಿದೆ. ಬರೆದವರು ಈಗಷ್ಟೇ ಕಾಲೇಜು ಮುಗಿಸಿ, ಕಾಮಿಕ್ಸ್ ಬರೆಯುತ್ತಿರುವ ಕಲಾವಿದೆ. "ಸ್ಪೈಡರ್‌ಮ್ಯಾನ್ ಶಿರಾಡಿ ಘಾಟಿಗೆ ಬಂದರೆ ಹೇಗಿರುತ್ತೆ ಅಂತ ಆರು ಚಿತ್ರ ಮಾಡಿ ಇನ್‌ಸ್ಟಾಗ್ರಾಂಗೆ ಹಾಕಿದೆ. ತುಂಬ ಜನ ಹಂಚಿಕೊಂಡರು. ನನ್ನದೇ ಪಾತ್ರ ಹಾಕಿದರೆ ಯಾರೂ ತಿರುಗಿ ನೋಡಲ್ಲ. ಸ್ಪೈಡರ್‌ಮ್ಯಾನನ್ನೇ ಪುಸ್ತಕ ಮಾಡೋಣ ಅನ್ನಿಸುತ್ತಿದೆ. ನಿಮ್ಮ ಪತ್ರಿಕೆಯಲ್ಲಿ ಹಾಕ್ತೀರಾ?" ಅಂತ ಕೇಳಿದ್ದಾರೆ. ಚಿತ್ರಗಳನ್ನೂ ಜೊತೆಗಿಟ್ಟಿದ್ದಾರೆ.

ಪ್ರೀತಿಯ ಓದುಗರೇ, ಸ್ಪೈಡರ್‌ಮ್ಯಾನ್ ಕಥೆಯನ್ನು ನಾವು ಹಾಕುವುದಿಲ್ಲ. 1962ರಲ್ಲಿ ಹುಟ್ಟಿದ ಆ ಪಾತ್ರ ಮಾರ್ವೆಲ್ ಕಂಪನಿಯ ಆಸ್ತಿ. ಆ ಕಂಪನಿಯನ್ನು 2009ರಲ್ಲಿ ಡಿಸ್ನಿ ಕೊಂಡುಕೊಂಡಿತು. ಮನೆಯಲ್ಲಿ ಕೂತು ಕೈ ಪಳಗಲಿ ಅಂತ ಬರೆದರೆ ಯಾರೂ ಏನೂ ಅನ್ನುವುದಿಲ್ಲ. ಒಪ್ಪಿಗೆ ಇಲ್ಲದೆ ಅಚ್ಚು ಹಾಕಿ ಮಾರಿದರೆ ನೋಟಿಸು ಬರಬಹುದು. ಆದರೆ ನಾನು ಬೇಡ ಅನ್ನುವುದಕ್ಕೆ ಅದು ಸಣ್ಣ ಕಾರಣ. ದೊಡ್ಡ ಕಾರಣ ನಿಮ್ಮ ನಾಲ್ಕನೇ ಚಿತ್ರದಲ್ಲೇ ಇದೆ.

ದೋಣಿಗಾಲ್ ಹತ್ತಿರ ಬಸ್ಸು ನಿಂತಿದೆ. ಮುಂದೆ ಲಾರಿಗಳ ಸಾಲು, ಸಣ್ಣ ಮಳೆ. ಟಾಪಿನ ಮೇಲೆ ಸ್ಪೈಡರ್‌ಮ್ಯಾನ್ ಕೂತಿದ್ದಾನೆ. ನನ್ನ ಕಣ್ಣು ಅವನ ಮೇಲೆ ನಿಲ್ಲಲೇ ಇಲ್ಲ. ಬಾಗಿಲ ಹತ್ತಿರ ಒಬ್ಬ ಕಂಡಕ್ಟರಮ್ಮ ಇದ್ದಾರೆ ನೋಡಿ. ಹೆಗಲಿಗೆ ಬ್ಯಾಗು, ತುಟಿಯಲ್ಲಿ ಸೀಟಿ. ಟಿಕೆಟ್ ಮಷೀನನ್ನು ಕಂಕುಳಿಗೆ ಸಿಕ್ಕಿಸಿಕೊಂಡು, ಟಿಕೆಟ್ಟಿನ ಹಿಂದೆ ಪೆನ್ನಲ್ಲಿ ಬಾಕಿ ಚಿಲ್ಲರೆ ಬರೆಯುತ್ತಿದ್ದಾರೆ. ಎದುರಿಗಿರುವ ಅಜ್ಜ ಆ ಚೀಟಿಯನ್ನು ನಂಬಲೋ ಬೇಡವೋ ಅಂತ ನೋಡುತ್ತಿದ್ದಾರೆ. ಆ ಅಜ್ಜನ ಹುಬ್ಬನ್ನು ನೀವು ಬರೆದಿರುವ ರೀತಿ ಇದೆಯಲ್ಲ, ಅದನ್ನು ಎಷ್ಟು ಹೊತ್ತು ನೋಡಿದರೂ ಸಾಲದು. ನಮ್ಮ ಬಸ್ಸು ಹತ್ತಿ ಇಳಿದವರಿಗೆ ಮಾತ್ರ ಅದು ಬರುತ್ತದೆ.

ಬಾಕಿ ಕೇಳುವುದನ್ನು ಮರೆತು ಇಳಿದುಹೋಗಿ, ಮನೆಯಲ್ಲಿ ಜೇಬು ತಡಕಿದವರು ನಮ್ಮಲ್ಲಿ ಎಷ್ಟು ಜನ ಇಲ್ಲ! ಆ ಬಾಕಿಯನ್ನೆಲ್ಲ ನೆನಪಿಟ್ಟುಕೊಂಡು, ಒಬ್ಬೊಬ್ಬರನ್ನೇ ಹುಡುಕಿ ತೀರಿಸುವ ಕಂಡಕ್ಟರಮ್ಮ ಇದ್ದರೆ ಹೇಗಿರುತ್ತೆ? ಆಲೂರು, ಸಕಲೇಶಪುರ, ಅರಸೀಕೆರೆ, ಒಂದೊಂದು ಸ್ಟಾಪಿಗೂ ಒಂದೊಂದು ಕಥೆ. ಕಾಡಾನೆ ರಸ್ತೆಗೆ ಬಂದು ಬಸ್ಸು ನಿಂತ ರಾತ್ರಿಯದು ಒಂದು. ಹಾಸನಾಂಬೆ ಬಾಗಿಲು ತೆಗೆದಾಗ ಬಸ್ಸಲ್ಲಿ ಕಾಲಿಡಲು ಜಾಗವಿಲ್ಲದ ದಿನದ್ದು ಇನ್ನೊಂದು. ಇದು ನನ್ನ ಆಸೆ ಅಷ್ಟೇ. ಅವರು ಏನು ಮಾಡುತ್ತಾರೆ ಅನ್ನುವುದು ನಿಮಗೇ ಚೆನ್ನಾಗಿ ಗೊತ್ತಿರುತ್ತದೆ.

ಲೈಕಿನ ಮಾತಿಗೆ ಬರೋಣ. ಸ್ಪೈಡರ್‌ಮ್ಯಾನ್ ಚಿತ್ರಕ್ಕೆ ಬಂದದ್ದರಲ್ಲಿ ಜಾಸ್ತಿ ಪಾಲು ಅವನ ಹಳೆಯ ಹೆಸರಿಗೆ ಬಂದದ್ದು. ಹೊಸ ಪಾತ್ರಕ್ಕೆ ಅಷ್ಟು ಬೇಗ ಬಳಕೆ ಬೆಳೆಯುವುದಿಲ್ಲ, ಅಲ್ವಾ? ಜನ ಹತ್ತಾರು ಸಲ ನೋಡಬೇಕು, ಇವರು ಈಗ ಏನನ್ನುತ್ತಾರೆ ಅಂತ ಊಹಿಸಬೇಕು. ಕಾಮಿಕ್ಸ್ ಕಲಾವಿದ ಪ್ರಾಣ್ ಅವರು 1960ರಲ್ಲಿ ದೆಹಲಿಯ 'ಮಿಲಾಪ್' ಪತ್ರಿಕೆಯಲ್ಲಿ ಸ್ವಂತ ಪಾತ್ರ ಬರೆಯಲು ಶುರು ಮಾಡಿದಾಗ ನಮ್ಮಲ್ಲಿ ಹೊರದೇಶದ ಕಾಮಿಕ್ಸಿನದೇ ಕಾರುಬಾರು. ಅವರ ಚಾಚಾ ಚೌಧರಿ ಬಂದದ್ದು ಆಮೇಲೆ. ಕೆಂಪು ಪೇಟ, ಬಿಳಿ ಮೀಸೆ, ಕೈಯಲ್ಲೊಂದು ಕೋಲು. ಹಾರಲು ಬರದ ಮುದುಕ, ತಲೆ ಓಡಿಸಿಯೇ ಗೆಲ್ಲುತ್ತಾನೆ.

ಅಮೆರಿಕದಲ್ಲಿ ಕೆವಿನ್ ಈಸ್ಟ್‌ಮನ್ ಮತ್ತು ಪೀಟರ್ ಲೇರ್ಡ್ ಸುಮ್ನೆ ತಮಾಷೆಗೆ ನಿಂಜಾ ಆಮೆಗಳನ್ನು ಬರೆದರು. 1984ರಲ್ಲಿ ನೆಂಟರ ಹತ್ತಿರ ಸಾಲ ಮಾಡಿ, ಕಪ್ಪು ಬಿಳುಪಿನಲ್ಲಿ ಸುಮಾರು 3,000 ಪ್ರತಿ ತಾವೇ ಅಚ್ಚು ಹಾಕಿಸಿದರು. 2009ರಲ್ಲಿ ಆ ಆಮೆಗಳ ಹಕ್ಕು ಸುಮಾರು 6 ಕೋಟಿ ಡಾಲರಿಗೆ ಹೋಯಿತು. ಎಲ್ಲರಿಗೂ ಹೀಗಾಗುತ್ತದೆ ಅಂತ ನಾನು ಹೇಳುವುದಿಲ್ಲ. ಪಾತ್ರ ಅವರ ಕೈಯಲ್ಲೇ ಇದ್ದದ್ದರಿಂದ ಮಾರುವುದೂ ಬಿಡುವುದೂ ಅವರಿಗೆ ಬಿಟ್ಟದ್ದಾಗಿತ್ತು. ಆದರೆ ಜೆರ್ರಿ ಸೀಗಲ್ ಮತ್ತು ಜೋ ಶಸ್ಟರ್ ತಾವೇ ಹುಟ್ಟಿಸಿದ ಸೂಪರ್‌ಮ್ಯಾನ್ ಹಕ್ಕನ್ನು 1938ರಲ್ಲಿ 130 ಡಾಲರಿಗೆ ಬರೆದುಕೊಟ್ಟಿದ್ದರು. ಆಮೇಲೆ ಕೋರ್ಟು ಅಲೆದರು. 1975ರಲ್ಲಿ ಸುದ್ದಿ ಪತ್ರಿಕೆಗಳಿಗೆಲ್ಲ ಹಬ್ಬಿದ ಮೇಲೆ ವರ್ಷಕ್ಕೆ ತಲಾ 20,000 ಡಾಲರ್ ಪಿಂಚಣಿ ಸಿಕ್ಕಿತು, ಪಾತ್ರದ ಜೊತೆ ಅವರ ಹೆಸರೂ ಮತ್ತೆ ಬಂತು. ಅಷ್ಟೊತ್ತಿಗೆ ಇಬ್ಬರಿಗೂ ಅರವತ್ತು ದಾಟಿತ್ತು. ಇದನ್ನು ನೆನೆದರೆ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ.

ಅದಕ್ಕೇ ಕಾಗದಪತ್ರದ ವಿಷಯ ತಿಳಿದುಕೊಳ್ಳಿ. ನಮ್ಮ 1957ರ ಕಾಪಿರೈಟ್ ಕಾಯಿದೆ ಪ್ರಕಾರ, ನೀವು ಸ್ವತಂತ್ರವಾಗಿ ಬರೆದ ಚಿತ್ರ ಬರೆದ ಕ್ಷಣದಿಂದ ನಿಮ್ಮದು. ನೋಂದಣಿ ಕಡ್ಡಾಯವಲ್ಲ. ಸಂಬಳದ ಕೆಲಸದ ಭಾಗವಾಗಿ ಬರೆದರೆ, ಬೇರೆ ಒಪ್ಪಂದ ಇಲ್ಲದಿದ್ದಲ್ಲಿ, ಅದು ಮಾಲೀಕರದ್ದು. ಹಕ್ಕು ಬಿಟ್ಟುಕೊಡುವುದಿದ್ದರೆ ಬರವಣಿಗೆಯಲ್ಲಿರಬೇಕು, ಸಹಿ ಇರಬೇಕು. ಎಷ್ಟು ವರ್ಷ ಅಂತ ಬರೆದಿಲ್ಲದಿದ್ದರೆ ಕಾನೂನು ಅದನ್ನು 5 ವರ್ಷ ಅಂತ ಎಣಿಸುತ್ತದೆ. 'ಶಾಶ್ವತವಾಗಿ' ಅನ್ನುವ ಮಾತು ಕಂಡರೆ ಸಹಿ ಮಾಡಬೇಡಿ, ತಿಳಿದವರಿಗೆ ತೋರಿಸಿ. ಹಕ್ಕು ಕೊಟ್ಟ ಮೇಲೂ ಇದು ನನ್ನ ಕೆಲಸ ಅಂತ ಹೇಳಿಕೊಳ್ಳುವ ಅಧಿಕಾರವನ್ನು 57ನೇ ಸೆಕ್ಷನ್ ಕೊಡುತ್ತದೆ. ನಿಮ್ಮ ಜಿಲ್ಲೆಯ ಬೇಲೂರಿನಲ್ಲೇ ನೋಡಿ. ದೇವಸ್ಥಾನ ಕಟ್ಟಿಸಿದ್ದು ವಿಷ್ಣುವರ್ಧನ. ಆದರೆ ಮದನಿಕೆಯರ ಕೆಳಗೆ ಬಳ್ಳಿಗಾವೆಯ ದಾಸೋಜ ಮತ್ತು ಅವನ ಮಗ ಚಾವಣ ತಮ್ಮ ಹೆಸರು ಕೆತ್ತಿದ್ದಾರೆ. ನೀವು ಕಳಿಸಿದ ಆರೂ ಚಿತ್ರಗಳಲ್ಲಿ ನಿಮ್ಮ ಹೆಸರು ಎಲ್ಲೂ ಇಲ್ಲ. ಇನ್ನು ಮೇಲೆ ಪ್ರತಿ ಪುಟದ ಮೂಲೆಯಲ್ಲಿ ಹೆಸರು, ಇಸವಿ ಹಾಕಿ.

ಸ್ಪೈಡರ್‌ಮ್ಯಾನ್ ಬಿಟ್ಟು, ಕಂಡಕ್ಟರಮ್ಮನದೇ ಎಂಟು ಪುಟದ ಕಥೆ ಬರೆದು ಕಳಿಸಿ. ಚೆನ್ನಾಗಿ ಬಂದರೆ ಖಂಡಿತ ಹಾಕುತ್ತೇವೆ. ನಮಗೆ ಬೇಕಾದ್ದು ಒಂದು ಸಲ ಅಚ್ಚು ಹಾಕುವ ಅನುಮತಿ ಮಾತ್ರ. ಮುಂದೆ ಪುಸ್ತಕ, ಸ್ಟಿಕ್ಕರ್, ಸಿನಿಮಾ ಏನೇ ಆದರೂ ಪಾತ್ರ ನಿಮ್ಮದೇ. ಇದನ್ನು, ಜೊತೆಗೆ ಗೌರವಧನ ಎಷ್ಟು ಅನ್ನುವುದನ್ನೂ ಕಾಗದದಲ್ಲಿ ಬರೆದು, ನಾವು ಸಹಿ ಹಾಕಿ ಮೊದಲೇ ಕಳಿಸುತ್ತೇವೆ. ನಿಧಾನವಾಗಿ ಓದಿ. ಅರ್ಥವಾಗದ್ದನ್ನು ಕೇಳಿ. ಆಮೇಲೆ ಸಹಿ ಮಾಡಿ.

— ಸಂಪಾದಕ