ವಾಸನೆ ನಿಂತರೆ ಟ್ಯಾಂಕಿಗೆ ಇಳಿಯಬಹುದೇ?

ಪ್ರಶ್ನೆ: ನಮ್ಮ ಔಷಧ ಕಾರ್ಖಾನೆಯಲ್ಲಿ ತ್ಯಾಜ್ಯನೀರಿನ ಟ್ಯಾಂಕನ್ನು ಶುಚಿಗೊಳಿಸುವಾಗ, ಮುಚ್ಚಳ ತೆರೆದಿಟ್ಟು, ಕೊಳೆತ ಮೊಟ್ಟೆಯ ವಾಸನೆ ನಿಂತ ಮೇಲೆ ಮಾಸ್ಕ್ ಧರಿಸಿ ಇಳಿಯುತ್ತಾರೆ. ಇಷ್ಟು ಸಾಕೇ?
– ಓದುಗರೊಬ್ಬರು, ಬೀದರ್

ಉತ್ತರ: ಸಾಲದು; ಮೂಗನ್ನು ನಂಬುವುದೇ ಇಲ್ಲಿನ ದೊಡ್ಡ ಅಪಾಯ. ಆ ವಾಸನೆಯ ಹೈಡ್ರೋಜನ್ ಸಲ್ಫೈಡ್ ಅನಿಲವು ಗಾಳಿಯಲ್ಲಿ ಸುಮಾರು 100 ಪಿಪಿಎಂ (ಹತ್ತು ಲಕ್ಷ ಭಾಗ ಗಾಳಿಯಲ್ಲಿ 100 ಭಾಗ) ತಲುಪಿದಾಗ ಘ್ರಾಣಶಕ್ತಿಯನ್ನೇ ಮಂಕುಗೊಳಿಸುವುದರಿಂದ, ವಾಸನೆ ನಿಂತಿತೆಂದರೆ ಅನಿಲ ಹೋಗಿರಲೂಬಹುದು, ಹೆಚ್ಚಿರಲೂಬಹುದು. ಗಾಳಿಗಿಂತ ಭಾರವಾದ ಅದು ತಳದಲ್ಲಿ ನಿಲ್ಲುತ್ತದೆ, ಕೆಸರನ್ನು ಕಲಕಿದೊಡನೆ ಮತ್ತೆ ಏಳುತ್ತದೆ. ಆದ್ದರಿಂದ ಅನಿಲವನ್ನೂ ಆಮ್ಲಜನಕವನ್ನೂ ಅಳೆಯುವ ಮೀಟರಿನಿಂದ ಟ್ಯಾಂಕಿನ ಮೇಲ್ಭಾಗ, ನಡುಭಾಗ, ತಳಗಳಲ್ಲಿ ಪರೀಕ್ಷಿಸಿ, ಕೆಲಸ ಮುಗಿಯುವವರೆಗೂ ಅಳೆಯುತ್ತಲೇ ಇರಬೇಕು. ಆಮ್ಲಜನಕ ಶೇ 19.5ಕ್ಕಿಂತ ಕಡಿಮೆಯಿದ್ದರೆ ಗಾಳಿ ಸೋಸುವ ಯಾವ ಮಾಸ್ಕೂ ಪ್ರಯೋಜನಕ್ಕೆ ಬಾರದು, ಏಕೆಂದರೆ ಅದು ಇಲ್ಲದ ಆಮ್ಲಜನಕವನ್ನು ಒದಗಿಸಲಾರದು. ಪರೀಕ್ಷೆಯ ಆಧಾರದ ಲಿಖಿತ ಪ್ರಮಾಣಪತ್ರ, ಇಲ್ಲವೇ ಉಸಿರಾಟದ ಉಪಕರಣ ಮತ್ತು ಹೊರಗೆ ನಿಂತವರು ಹಿಡಿದಿರುವ ಹಗ್ಗಕ್ಕೆ ಕಟ್ಟಿದ ಬೆಲ್ಟ್ ಇರಬೇಕೆಂದು 1948ರ ಕಾರ್ಖಾನೆಗಳ ಕಾಯ್ದೆಯ 36ನೇ ಪ್ರಕರಣವೇ ಹೇಳಿತ್ತು (ಹಗ್ಗ ಹಿಡಿದವರು ಮೊಬೈಲ್ ನೋಡುತ್ತಿರಬಾರದೆಂದು ಹೇಳಿರಲಿಲ್ಲ, ಅಷ್ಟೆ). ಒಳಗಿದ್ದವರು ಕುಸಿದರೆ ಆ ಹಗ್ಗದಿಂದಲೇ ಎಳೆಯಬೇಕು; ಉಳಿಸುವ ಆತುರದಲ್ಲಿ ಉಪಕರಣವಿಲ್ಲದೆ ಹಿಂದೆಯೇ ಇಳಿದ ಸಹೋದ್ಯೋಗಿಗಳೂ ಇಂಥ ಅವಘಡಗಳಲ್ಲಿ ಸಾಯುತ್ತಾರೆ.